ಮಳೆಕಾಡಿನ ಪೆಂಗ್ವಿನ್

ಪೆಂಗ್ವಿನ್ ಎಂದೊಡನೆ ನಮಗೆ ಹಿಮ, ಮಂಜುಗಡ್ಡೆ, ಅಂಟಾರ್ಕ್ಟಿಕಾ ನೆನಪಾಗುತ್ತವೆ. ಆದರೆ ದಟ್ಟ ಮಳೆಕಾಡಿನಲ್ಲಿ, ಮರದ ಬೇರುಗಳ ಸಂದಿಯಲ್ಲಿ ಗೂಡು ಮಾಡಿ ಮರಿ ಬೆಳೆಸುವ ಪೆಂಗ್ವಿನ್ ಕೂಡ ಇದೆ. ಅದರ ತವರು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ನೈಋತ್ಯ ಕರಾವಳಿ. ಹೆಸರು ಫಿಯೊರ್ಡ್‌ಲ್ಯಾಂಡ್ ಪೆಂಗ್ವಿನ್. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಇದನ್ನು ‘ತವಾಕಿ’ ಎನ್ನುತ್ತಾರೆ. ಮಿಂಚನ್ನೇ ಉಡುಪಾಗಿ ತೊಟ್ಟ ದೇವತೆಯೊಬ್ಬನ ಹೆಸರದು. ಹಕ್ಕಿಯ ತಲೆಯ ಹಳದಿ ಜುಟ್ಟೇ ಆ ಮಿಂಚಂತೆ!

ಇದನ್ನು ನೋಡಲೆಂದೇ ಒಂದು ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ ಮತ್ತು ಹತ್ತು ವರ್ಷದ ಮಗಳು ಮನ್ರೋ ಬೀಚ್‌ಗೆ ಹೋದೆವು. ಹಾಸ್ಟ್ ಎಂಬ ಪುಟ್ಟ ಊರಿನಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಸಾಗಿದರೆ ಮೊಯೆರಾಕಿ ಸರೋವರ ಸಿಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ಕಾಡಿನೊಳಗೆ ಮುಕ್ಕಾಲು ಗಂಟೆ ನಡೆಯಬೇಕು. ಮೈತುಂಬ ಪಾಚಿ ಹೊದ್ದ ರಿಮು ಮರಗಳು, ಆಳೆತ್ತರ ಮೀರಿದ ಜರಿಗಿಡಗಳು, ಕಾಲಿಗೆ ತೊಡರುವ ಬಳ್ಳಿಗಳು. ನಮ್ಮ ಮಲೆನಾಡಿನಲ್ಲಿ ಉಂಬಳ ಕಾಡುವ ಹಾಗೆ ಇಲ್ಲಿ ಸ್ಯಾಂಡ್‌ಫ್ಲೈ ಎಂಬ ಪುಟ್ಟ ಕಪ್ಪು ನೊಣಗಳು ಕಾಡುತ್ತವೆ. ತೋಳು ಮುಚ್ಚುವ ಅಂಗಿ ತೊಟ್ಟಿದ್ದರೂ ಅವು ನಮ್ಮ ಕುತ್ತಿಗೆಯನ್ನು ಬಿಡಲಿಲ್ಲ.

ಕಾಡು ಮುಗಿದದ್ದೇ ಕಡಲು. ಪೆಂಗ್ವಿನ್‌ಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಅವು ಓಡಾಡುವ ದಾರಿಗೆ ಅಡ್ಡ ಬರಬಾರದು ಎಂಬುದು ಇಲ್ಲಿನ ನಿಯಮ. ಅದಕ್ಕೆ ಕಾರಣವಿದೆ. ಗೂಡು ಇರುವುದು ಕಾಡಿನೊಳಗೆ, ಊಟ ಇರುವುದು ಕಡಲಿನಲ್ಲಿ. ನಡುವಿನ ಮರಳನ್ನು ಹಕ್ಕಿ ನಡೆದೇ ದಾಟಬೇಕು. ಮನುಷ್ಯರು ಎದುರು ಕಂಡರೆ ಅದು ಹೆದರಿ ನೀರಿಗೆ ಹಿಂದಿರುಗುತ್ತದೆ. ಹೊಟ್ಟೆಯಲ್ಲಿ ಮರಿಗೆಂದು ತಂದ ಆಹಾರವೂ ಅದರ ಜೊತೆಗೇ ವಾಪಸ್!

ನಾವು ತೀರದ ಒಂದು ತುದಿಯಲ್ಲಿ, ಬಂಡೆಗೆ ಒರಗಿ ಸದ್ದಿಲ್ಲದೆ ಕುಳಿತೆವು. ಒಂದು ಗಂಟೆ ಕಳೆದಿರಬೇಕು. ನೊರೆಯ ನಡುವಿನಿಂದ ಒಂದು ಹಕ್ಕಿ ಮರಳ ಮೇಲೆ ಬಂದು ನಿಂತಿತು. ಎತ್ತರ ಎರಡು ಅಡಿಯಷ್ಟೇ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಕ್ಕು ದಪ್ಪ, ಕಿತ್ತಳೆ ಬಣ್ಣದ್ದು. ಕೊಕ್ಕಿನ ಬುಡದಿಂದ ಹೊರಟ ಹಳದಿ ಹುಬ್ಬು ಕಣ್ಣಿನ ಮೇಲೆ ಹಾದು ತಲೆಯ ಹಿಂದೆ ಜುಟ್ಟಾಗಿ ಇಳಿಬಿದ್ದಿತ್ತು. ಕೆನ್ನೆಯ ಮೇಲೆ ನಾಲ್ಕೈದು ಬಿಳಿ ಗೆರೆ. ಜುಟ್ಟಿರುವ ಬೇರೆ ಪೆಂಗ್ವಿನ್‌ಗಳಿಂದ ಇದನ್ನು ಗುರುತಿಸಲು ಈ ಗೆರೆಗಳು ಸಹಾಯ ಮಾಡುತ್ತವೆ.

ಅಷ್ಟರಲ್ಲಿ ಇನ್ನಿಬ್ಬರು ಪ್ರವಾಸಿಗರು ಕಾಡಿನಿಂದ ಹೊರಬಂದು, ಮೊಬೈಲ್ ಹಿಡಿದು ನೇರವಾಗಿ ಅದರತ್ತ ನಡೆದರು. ಹಕ್ಕಿ ಥಟ್ಟನೆ ತಿರುಗಿ ಅಲೆಯೊಳಗೆ ಮಾಯವಾಯಿತು.

“ಅಪ್ಪಾ, ಹಾಗಾದ್ರೆ ಅದರ ಮರಿಗೆ ಊಟ?” ಮಗಳು ಪಿಸುಗುಟ್ಟಿದಳು.

ನನ್ನ ಹೆಂಡತಿ ಕೈಸನ್ನೆ ಮಾಡಿ ಅವರನ್ನು ಕರೆದು, ಮೆಲ್ಲಗೆ ವಿಷಯ ತಿಳಿಸಿದಳು. ಪಾಪ, ಅವರಿಗೆ ಗೊತ್ತಿರಲಿಲ್ಲ. ಅವರೂ ನಮ್ಮ ಪಕ್ಕದಲ್ಲೇ ಕುಳಿತರು. ಐದೂ ಜನ ಉಸಿರು ಬಿಗಿಹಿಡಿದು ಕಾದೆವು. ಇಪ್ಪತ್ತು ನಿಮಿಷದ ಮೇಲೆ ಹಕ್ಕಿ ಮತ್ತೆ ಬಂತು. ನಿಂತು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಆಮೇಲೆ ಮುಂದಕ್ಕೆ ಬಾಗಿ, ರೆಕ್ಕೆ ಹಿಂದಕ್ಕೆ ಚಾಚಿ, ಬಸ್ ತಪ್ಪಿಸಿಕೊಳ್ಳುವ ಆತುರದವರಂತೆ ಮರಳು ದಾಟಿ ಕಾಡು ಸೇರಿತು.

ಒಳಗೆ ಕಾದಿರುವುದು ಸಾಮಾನ್ಯವಾಗಿ ಒಂದೇ ಮರಿ. ಚಳಿಗಾಲದಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ತವಾಕಿ ಎರಡು ಮೊಟ್ಟೆ ಇಡುತ್ತದೆ. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು. ಅಪ್ಪ-ಅಮ್ಮ ಇಬ್ಬರೂ ಕಾವು ಕೊಡುತ್ತಾರೆ. ಮರಿ ಹೊರಬರಲು ಒಂದು ತಿಂಗಳಿಗೂ ಸ್ವಲ್ಪ ಹೆಚ್ಚು ದಿನ ಬೇಕು. ಎರಡೂ ಒಡೆದರೂ ಚಿಕ್ಕ ಮರಿ ಉಳಿಯುವುದು ಅಪರೂಪ. ಮೊದಲ ಎರಡು-ಮೂರು ವಾರ ಅಪ್ಪ ಉಪವಾಸವಿದ್ದು ಮರಿಯನ್ನು ಕಾಯುತ್ತಾನೆ. ಆಗ ಮೀನು, ಕಣವೆಗಳನ್ನು ಹಿಡಿದು ಹೊಟ್ಟೆಯಲ್ಲಿ ತಂದು, ಕಕ್ಕಿ ಉಣಿಸುವ ಹೊಣೆ ಅಮ್ಮನೊಬ್ಬಳದೇ. ಮರಿ ಸ್ವಲ್ಪ ಬೆಳೆದ ಮೇಲೆ ಇಬ್ಬರೂ ಕಡಲಿಗಿಳಿಯುತ್ತಾರೆ.

ಕಾಡಿನೊಳಗೂ ಭಯ ತಪ್ಪಿದ್ದಲ್ಲ. ಮೊಲಗಳ ಕಾಟ ತಡೆಯಲೆಂದು 19ನೇ ಶತಮಾನದಲ್ಲಿ ಹೊರಗಿನಿಂದ ತಂದುಬಿಟ್ಟ ಸ್ಟೋಟ್ ಎಂಬ ಸಣ್ಣ ಬೇಟೆಪ್ರಾಣಿ ಈಗ ಮೊಟ್ಟೆ, ಮರಿಗಳನ್ನೂ ಕದಿಯುತ್ತದೆ. ಕಟ್ಟಿಹಾಕದ ನಾಯಿಗಳೂ ಅಪಾಯವೇ.

ನವೆಂಬರ್ ಕೊನೆಯ ಹೊತ್ತಿಗೆ ಮರಿಗಳು ತಾವಾಗಿಯೇ ಕಡಲಿಗಿಳಿಯುತ್ತವೆ. ಹೆತ್ತವರೂ ಹೊರಡುತ್ತಾರೆ. ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ಹಕ್ಕಿಗಳ ಬೆನ್ನಿಗೆ ಪುಟ್ಟ ಉಪಕರಣ ಅಂಟಿಸಿ ಅವುಗಳ ದಾರಿಯನ್ನು ಪತ್ತೆಹಚ್ಚಿದರು. ಎಂಟು-ಹತ್ತು ವಾರಗಳಲ್ಲಿ ಕೆಲವು ಹಕ್ಕಿಗಳು ಸುಮಾರು 7,000 ಕಿ.ಮೀ. ಈಜಿ ಬಂದಿದ್ದವು ಎಂದು 2018ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಹೀಗೆ ತಿಂದು ಮೈ ತುಂಬಿಸಿಕೊಂಡು ಬಂದು, ಫೆಬ್ರುವರಿ ಸುಮಾರಿಗೆ ದಡದಲ್ಲಿ ನಿಂತು ಹಳೆಯ ಗರಿಗಳನ್ನೆಲ್ಲ ಉದುರಿಸುತ್ತವೆ. ಹೊಸ ಗರಿ ಬರುವ ಆ ಮೂರು ವಾರ ನೀರಿಗಿಳಿಯುವಂತಿಲ್ಲ, ಊಟವೂ ಇಲ್ಲ.

ನೀವೇನಾದರೂ ಅತ್ತ ಹೋದರೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ದುರ್ಬೀನು ಒಯ್ಯಿರಿ. ತೀರದ ಅಂಚಿನಲ್ಲಿ ಕುಳಿತುಬಿಡಿ, ಓಡಾಡಬೇಡಿ. ಹಕ್ಕಿ ನಿಮಗೆ ಕಾಣದೆ ಹೋದರೂ ಪರವಾಗಿಲ್ಲ, ಅದರ ದಾರಿ ತೆರೆದಿರಲಿ.