ಜಗುಲಿಯ ಮೀಟರು ಸೊನ್ನೆಗೆ ಬಂದ ಕಾಲ

ಸಾಗರ ಸೀಮೆಯ ನಮ್ಮ ಕಡೆ ಮನೆಗಳಲ್ಲಿ ಕರೆಂಟಿನ ಮೀಟರಿಗೆ ಜಾಗ ಅಂದರೆ ಜಗುಲಿಯೇ. ಹೆಬ್ಬಾಗಿಲು ದಾಟಿ ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಗೋಡೆಗೆ, ಅಜ್ಜನ ಕವಳದ ಹರಿವಾಣಕ್ಕೂ ಪಂಚಾಂಗ ಸಿಕ್ಕಿಸುವ ಮೊಳೆಗೂ ನಡುವೆ, ಒಂದು ಮರದ ಹಲಗೆ. ಹಲಗೆಯ ಮೇಲೆ ಕಪ್ಪು ಬೇಕಲೈಟ್ ಮೈಯ ಮೀಟರು, ಅದರ ಕೆಳಗೆ ಬಿಳಿ ಪಿಂಗಾಣಿಯ ಫ್ಯೂಸುಗಳು, ಕಬ್ಬಿಣದ ಮೇನ್ ಸ್ವಿಚ್ಚು, ತಲೆಯ ಮೇಲೆ ಪೇಂಟಿನಲ್ಲಿ ಬರೆದ ಆರ್.ಆರ್. ನಂಬರು. ಹಬ್ಬದ ಮೊದಲು ಗೋಡೆಗೆ ಸುಣ್ಣ ಬಳಿಯುವಾಗಲೂ ಆ ನಂಬರಿಗೆ ಒಂದು ಹನಿ ಸಿಡಿಯಬಾರದು ಅಂತ ಚಿಕ್ಕಪ್ಪ ಹಳೆ ಗೋಣಿ ಮುಚ್ಚುತ್ತಿದ್ದ. ಹತ್ತಿರ ಹೋಗಿ ನಿಂತರೆ ಕಾದ ಬೇಕಲೈಟಿನ, ಸುಣ್ಣದ, ತಂಬಾಕಿನ, ಮಳೆಗಾಲದಲ್ಲಾದರೆ ಒಣಗದ ಕಂಬಳಿಯ ವಾಸನೆ ಒಟ್ಟಿಗೇ ಬರುತ್ತಿತ್ತು. ಗೋಡೆಗೆ ಕಿವಿ ಕೊಟ್ಟರೆ ಸಣ್ಣಕ್ಕೆ ಗುಂಯ್ ಅನ್ನುವ ಸದ್ದು.

ಗಾಜಿನ ಕಿಂಡಿಯೊಳಗೆ ಕಾಣುತ್ತಿದ್ದದ್ದು ಎರಡೇ. ಮೇಲೆ ಅಂಕೆಗಳ ಸಾಲು, ಕಪ್ಪು ನಾಕು, ಕೊನೆಗೊಂದು ಕೆಂಪು. ಕೆಳಗೆ ಅಂಚಿನಲ್ಲಿ ಗುರುತು ಹೊತ್ತು ತಿರುಗುವ ಅಲ್ಯುಮಿನಿಯಂ ಚಕ್ರ. 1200 ಸುತ್ತಿಗೆ ಒಂದು ಯೂನಿಟ್ಟು ಅಂತ ಫಲಕದ ಮೇಲೆ ಅಚ್ಚಾಗಿತ್ತು. ಹೈಸ್ಕೂಲಿಗೆ ಹೋಗುತ್ತಿದ್ದ ದೊಡ್ಡಣ್ಣ ಅದನ್ನೇ ಹಿಡಿದು ಲೆಕ್ಕ ಕಟ್ಟಿದ್ದ: ಕೊಟ್ಟಿಗೆಯ 40 ವ್ಯಾಟಿನ ಬುರುಡೆ ಒಂದೇ ಉರಿಯುತ್ತಿದ್ದರೆ ಗುರುತು ಮತ್ತೆ ಎದುರಿಗೆ ಬರಲು ಒಂದೂಕಾಲು ನಿಮಿಷ ಬೇಕು, 750 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ನಾಕು ಸೆಕೆಂಡು ಸಾಕು. ಹಾಗಾಗಿ ಜಗುಲಿಯಲ್ಲಿ ಕೂತೇ ಒಳಗೆ ಯಾವ ದೀಪ ಉರಿಯುತ್ತಿದೆ ಅಂತ ಹೇಳುವುದು ನಮಗೆ ರೂಢಿಯಾಗಿತ್ತು. ನಮಗಿಂತ ಮೊದಲು ಅಜ್ಜನಿಗೆ ಗೊತ್ತಾಗುತ್ತಿತ್ತು. ಕವಳ ಹಾಕುತ್ತ ಚಕ್ರದ ಕಡೆ ಒಮ್ಮೆ ನೋಡಿ, "ಯಾರ್ರಾ ಅದು, ಬಚ್ಚಲ ಲೈಟ್ ಆರ್ಸ್ದೇ ಬಂದದ್ದು? ಮೀಟರ್ ಓಡ್ತಾ ಇದ್ದು" ಅನ್ನುತ್ತಿದ್ದ. ಯಾರು ಅಂತ ಪತ್ತೆಯಾಗುವ ಮೊದಲೇ ಇಬ್ಬರು ಮೂವರು ಬಚ್ಚಲಿಗೆ ಓಡಿರುತ್ತಿದ್ದರು.

ಸಂಜೆಯ ದೀಪ ನಮ್ಮಲ್ಲಿ ಎರಡು ಸಲ ಹತ್ತುತ್ತಿತ್ತು. ಮೊದಲು ದೇವರ ಒಳದಲ್ಲಿ ಎಣ್ಣೆಯದು, ಅಮ್ಮ ಅದನ್ನು ಹಚ್ಚಿ ಹೊರಗೆ ಬಂದ ಮೇಲೆ ಜಗುಲಿಯ ಸ್ವಿಚ್ಚು. ಸ್ವಿಚ್ಚು ಹಾಕಲು ಮಕ್ಕಳಿಗೆ ಸರದಿಯಿತ್ತು, ಹಾಕಿದವರು ಬುರುಡೆಗೂ ಕೈಮುಗಿಯಬೇಕಿತ್ತು. ಹಾಗಂತ ಲಾಟೀನು ಮೂಲೆ ಸೇರಿರಲಿಲ್ಲ. ಗಾಜಿಗೆ ಬೂದಿ ತಿಕ್ಕಿ, ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ಬತ್ತಿ ಕತ್ತರಿಸಿ ನಾಗಂದಿಗೆಯ ಮೇಲೆ ಇಡುವುದು ಹೆಣ್ಣುಮಕ್ಕಳ ದಿನದ ಕೆಲಸ. ಯಾಕೆಂದರೆ ಮೀಟರು ನಿಲ್ಲುವ ಕಾಲವೂ ಬರುತ್ತಿತ್ತು.

ಮಳೆ ಕೈಕೊಟ್ಟ ವರ್ಷ, ಬೇಸಿಗೆ ಬಲಿತು ಲಿಂಗನಮಕ್ಕಿಯ ನೀರು ಕೆಳಗಿಳಿಯಿತೆಂದರೆ ಸಂಜೆ ಹೊತ್ತಿಗೇ ಕರೆಂಟು ತೆಗೆಯುತ್ತಿದ್ದರು. ರಾಜ್ಯದ ಬೆಳಕೆಲ್ಲ ಆಗ ಹೆಚ್ಚುಪಾಲು ಹೊಳೆಗಳನ್ನೇ ನಂಬಿತ್ತು; ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾದದ್ದೇ 1985ರಲ್ಲಿ. ಅಮ್ಮಮ್ಮನ ತೌರುಮನೆ ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮನೆ, ತೋಟ, ಬಾವಿಕಟ್ಟೆ, ಅವಳು ಹುಡುಗಿಯಾಗಿದ್ದಾಗ ನೆಟ್ಟ ಸುರಗಿಯ ಮರ ಎಲ್ಲ ಮುಳುಗಡೆಯಾದವು. ಜೋಗದ ಹಳೆ ಪವರ್ ಹೌಸಿಗೆ ನೀರು ಕೊಡಲೆಂದೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿದ ನೀರು ಅದು, ಊರುಗಳನ್ನು ಬಿಟ್ಟೀತೇ. ಎಷ್ಟೋ ಜನ ಸಾಮಾನು ಕಟ್ಟಿಕೊಂಡು ಗೊತ್ತಿಲ್ಲದ ಕಾಡಿಗೆ ಹೋದರು. ಹಿನ್ನೀರಿನಾಚೆ ಕರೂರು, ಬಾರಂಗಿ ಕಡೆ ಉಳಿದ ನೆಂಟರ ಮನೆಗಳಲ್ಲಿ, ಅವರ ಹೊಳೆಯಿಂದಲೇ ಬೆಂಗಳೂರಿನ ಬೀದಿ ಬೆಳಗುತ್ತಿದ್ದರೂ, ಬಹಳ ವರ್ಷ ಚಿಮಣಿ ಬುಡ್ಡಿಯೇ ಗತಿಯಾಗಿತ್ತು. ನಮ್ಮ ಮನೆಗೆ ಕಂಬ ಬಂದದ್ದು ಮುಳುಗಡೆಯಾದ ಮೂರು ನಾಕು ವರ್ಷಕ್ಕೆ. ಬರಗಾಲದ ಬೇಸಿಗೆಯಲ್ಲಿ ಆ ಹಳೆ ಅಣೆಕಟ್ಟಿನ ಗೋಡೆ ನೀರಿನಿಂದ ಮೇಲೆದ್ದು ನಿಲ್ಲುತ್ತಿತ್ತು, ನೋಡಿ ಬಂದವರು ಯಾರ ಮನೆಯ ಅಡಿಪಾಯ ಕಂಡಿತು, ಯಾವ ದೇವಸ್ಥಾನದ ಕಲ್ಲು ಕಂಡಿತು ಅಂತ ಊರೂರಿಗೆ ಸುದ್ದಿ ತರುತ್ತಿದ್ದರು. ಜಗುಲಿಯಲ್ಲಿ ಚಕ್ರ ನಿಂತು, ಗುಂಯ್ ಸದ್ದೂ ನಿಂತು, ಲಾಟೀನು ಕೆಳಗಿಳಿದಾಗ ಅಮ್ಮಮ್ಮ ಯಾರಿಗೆಂದಿಲ್ಲದೆ, "ಯಮ್ಮನೆ ಮೆಟ್ಲು ಕಾಣ್ತಡ ಈಗ" ಅನ್ನುವಳು. ನಾವು ಅವಳ ಮಡಿಲ ಸುತ್ತ ಸರಿದು ಕೂರುತ್ತಿದ್ದೆವು. ಆ ಮೆಟ್ಟಿಲು ಎಷ್ಟು, ಯಾವ ಮೆಟ್ಟಿಲ ಮೇಲೆ ಕೂತು ಯಾರು ಹೂ ಕಟ್ಟುತ್ತಿದ್ದರು ಅಂತ ಅವಳು ಹೇಳಿ ಮುಗಿಯುವ ಮೊದಲೇ ಕರೆಂಟು ಬಂದುಬಿಟ್ಟರೆ ನಮಗೆ ಬೇಜಾರು.

ತಿಂಗಳಿಗೊಮ್ಮೆ ಮೀಟರ್ ನೋಡುವವರು ಬರುವರು. ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿ ಬಂದವರನ್ನು ಯಾರೂ ಮೊದಲು ಮೀಟರಿನ ಹತ್ತಿರ ಬಿಡುತ್ತಿರಲಿಲ್ಲ. ಕೈಕಾಲಿಗೆ ನೀರು, ಆಸರಿಗೆ, ಬೆಲ್ಲದ ತುಂಡು, ಕವಳ, ಇವೆಲ್ಲ ಆದ ಮೇಲೆ ಅವರು ಎದ್ದು, ಕನ್ನಡಕ ಏರಿಸಿ ಅಂಕೆ ಓದಿ ಪುಸ್ತಕದಲ್ಲಿ ಬರೆದುಕೊಳ್ಳುವರು. ಅವರು ಗಟ್ಟಿಯಾಗಿ ಓದಿದ್ದನ್ನು ಅಪ್ಪಯ್ಯ ತನ್ನ ಲೆಕ್ಕದ ಪಟ್ಟಿಯಲ್ಲಿ ಬರೆಯುತ್ತಿದ್ದ. ಅಡಿಕೆ ಮಂಡಿಯ ಬಾಕಿ, ಆಳಿನ ಸಂಬಳ, ಹಾಲಿನ ಲೆಕ್ಕದ ಜೊತೆ ತಿಂಗಳಿಗೊಂದು ಸಾಲು ಮೀಟರಿನದು. ಬರೀ ಅಂಕೆಯಲ್ಲ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕಾರಣವೂ ಇರುತ್ತಿತ್ತು. ಅತ್ತೆಯ ಬಾಣಂತನ, ಹೆಚ್ಚು. ಮದುವೆ, ಹೆಚ್ಚು. ಅಜ್ಜ ಆಸ್ಪತ್ರೆಯಲ್ಲಿದ್ದ ತಿಂಗಳು, ಕಡಿಮೆ. ಮನೆಯ ಚರಿತ್ರೆ ಬರೆಯಬೇಕೆಂದು ಅಪ್ಪಯ್ಯ ಹೊರಟವನಲ್ಲ, ಆದರೆ ಅದಕ್ಕಿಂತ ನಿಜವಾದ ಚರಿತ್ರೆ ನಮ್ಮ ಮನೆಗೆ ಬೇರೆ ಇಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಆ ಪಟ್ಟಿಯಿಂದಲೇ ಗೊತ್ತಾದದ್ದು, ಮೀಟರು ಒಂಬತ್ತು ಸಾವಿರದ ಒಂಬೈನೂರು ದಾಟಿದೆ ಅಂತ. ತಿಂಗಳಿಗೆ ಮೂವತ್ತೈದು ನಲವತ್ತು ಯೂನಿಟ್ಟಿನ ಮನೆಗೆ ಹತ್ತು ಸಾವಿರ ತುಂಬಲು ಇಪ್ಪತ್ತು ವರ್ಷಕ್ಕಿಂತ ಮೇಲೆ ಹಿಡಿದಿತ್ತು. ನಾಕು ಒಂಬತ್ತಾದ ಮೇಲೆ ಏನಾಗುತ್ತದೆ ಅನ್ನುವುದು ಆ ಸುಗ್ಗಿಯ ದೊಡ್ಡ ಪ್ರಶ್ನೆ. ನಿಂತುಹೋಗುತ್ತದೆ ಅಂತ ಒಬ್ಬರು, ಹೊಸ ಅಂಕೆ ಹುಟ್ಟುತ್ತದೆ ಅಂತ ಇನ್ನೊಬ್ಬರು. ದಿನ ಬಂದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಅಂಗಳದ ಚಪ್ಪರಕ್ಕೆ ನೂರು ವ್ಯಾಟಿನ ಬುರುಡೆ ಎರಡು ಇಳಿಬಿಟ್ಟು, ಸುಲಿಯುವವರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು, ಕಥೆ ಹಾಡು ನಗೆಯ ನಡುವೆ ಡಬ್ಬ ತುಂಬಿಸುತ್ತ, ಅತ್ತ ಅಡಿಕೆ ಒಲೆಯ ಮೇಲೆ ಹಂಡೆ ಕುದಿದು ಚೊಗರಿನ ಒಗರು ವಾಸನೆ ಮನೆಯೆಲ್ಲ ಹಬ್ಬಿದ್ದ ರಾತ್ರಿ. ಒಳಗೆ ಹೊರಗೆ ಸೇರಿ ಅಷ್ಟೂ ದೀಪ ಉರಿಯುತ್ತಿದ್ದರಿಂದ ಚಕ್ರ ಚುರುಕಾಗಿತ್ತು. ನಾವು ಸ್ಟೂಲು ಎಳೆದು, ಸಣ್ಣವರನ್ನು ಎತ್ತಿಕೊಂಡು, ಗಾಜಿಗೆ ಉಸಿರು ತಾಗಿ ಮಂಜಾದರೆ ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತೆವು. ಕೆಂಪು ಅಂಕೆಯೂ ಒಂಬತ್ತಕ್ಕೆ ಬಂತು. ನಾವು ಅಂದುಕೊಂಡ ಹಾಗೆ ಟಕ್ಕನೆ ಏನೂ ಆಗಲಿಲ್ಲ. ಐದೂ ಒಂಬತ್ತು ಒಟ್ಟಿಗೇ, ಕಣ್ಣಿಗೆ ಕಂಡೂ ಕಾಣದ ಹಾಗೆ ಮೇಲೆ ಸರಿಯತೊಡಗಿದವು; ಅರ್ಧ ಒಂಬತ್ತು, ಅರ್ಧ ಸೊನ್ನೆ, ಯಾವುದೂ ಅಲ್ಲದ ಒಂದು ಸಾಲು ಬಹಳ ಹೊತ್ತು ಹಾಗೇ ನಿಂತಿತು. ಅಂಗಳದಿಂದ ಯಾರೋ "ಎಷ್ಟಾತ್ರಾ?" ಅಂತ ಕೂಗಿದರೆ ಹೇಳಲು ನಮ್ಮ ಹತ್ತಿರ ಅಂಕೆಯೇ ಇರಲಿಲ್ಲ. ಆಮೇಲೆ ಸೊನ್ನೆಗಳು ಪೂರಾ ಬಂದು ಕೂತವು. ಸುಲಿಯುವವರೆಲ್ಲ ಕೈಯ ಕಲೆ ಒರೆಸಿಕೊಳ್ಳುತ್ತ ಎದ್ದು ಬಂದು ನೋಡಿದರು. ಅಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಮಾಡಿದಳು. ಅಜ್ಜ ಹೊರಗೆ ಬಂದು, ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, "ಕಂಬ ಹುಗಿದ ದಿನ ಹಿಂಗೇ ಇತ್ತು" ಅಂದ.

ಮುಂದಿನ ತಿಂಗಳು ಮೀಟರ್ ನೋಡುವವರು ಹೊಸ ಅಂಕೆಯ ಮುಂದೆ ತಾವೇ ಒಂದು ಒಂದನ್ನು ಬರೆದು, ಅದರಿಂದ ಹಿಂದಿನದನ್ನು ಕಳೆದರು. ಮೀಟರಿನಲ್ಲಿ ಇಲ್ಲದ ಆ ಹತ್ತು ಸಾವಿರವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು ಅಂತ ಅಪ್ಪಯ್ಯ ನಮ್ಮನ್ನು ಕೂರಿಸಿ ತೋರಿಸಿದ.

ತಾನಾಗಿ ಸುತ್ತು ಮುಗಿಸಿ ಬರುವ ಸೊನ್ನೆ ಬೇರೆ, ಕೈಯಿಂದ ಮಾಡುವ ಸೊನ್ನೆ ಬೇರೆ ಅಂತ ಗೊತ್ತಾದದ್ದು ಭಾವನಿಂದ. ಅವನು ಪೇಟೆಯಲ್ಲಿ ಮೀಟರ್ ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದ, ರಜೆಗೆ ಬಂದರೆ ಅವನ ಸುತ್ತ ನಾವು. ಸಿಡಿಲಿಗೆ ಸುಟ್ಟದ್ದು, ಇರುವೆ ಗೂಡು ಕಟ್ಟಿದ್ದು, ಚಕ್ರ ತಿಕ್ಕಿ ನಿಂತದ್ದು, ಎಲ್ಲ ಅವನ ಮೇಜಿಗೆ ಬರುತ್ತಿದ್ದವು. ಚಕ್ರದ ಕಂಬಿ ಕೆಳಗೆ ಒಂದು ಹರಳಿನ ಮೇಲೆ ನಿಂತಿರುತ್ತದೆ, ಪಕ್ಕದ ಅಯಸ್ಕಾಂತ ಅದನ್ನು ಹದಕ್ಕಿಂತ ಹೆಚ್ಚು ಓಡದ ಹಾಗೆ ತಡೆಯುತ್ತದೆ, ಆ ಹರಳು ಸವೆದರೆ ಮೀಟರು ಸೋಮಾರಿಯಾಗುತ್ತದೆ ಅಂತ ಅವನು ಬೆರಳಲ್ಲಿ ಗಾಳಿಯಲ್ಲೇ ಬರೆದು ತೋರಿಸುವನು. ಎಲ್ಲ ತೊಳೆದು ಸರಿಮಾಡಿದ ಮೇಲೆ ಅಂಕೆಯ ಉರುಳೆಗಳ ನಡುವಿನ ಪುಟಾಣಿ ಹಲ್ಲುಗಾಲಿಗಳ ಸರಳನ್ನು ಎತ್ತಬೇಕು. ಎತ್ತಿದರೆ ಉರುಳೆಗಳು ಒಂದರ ಹಂಗು ಒಂದಕ್ಕಿಲ್ಲದೆ ಬಿಡಿಬಿಡಿಯಾಗುತ್ತವೆ, ಒಂದೊಂದನ್ನೂ ಬೆರಳ ತುದಿಯಿಂದ ಸೊನ್ನೆಗೆ ತಂದು ಸಾಲು ಕೂರಿಸಿ ಸರಳನ್ನು ಮತ್ತೆ ಇಳಿಸುವುದು. ಆಮೇಲೆ ಪರೀಕ್ಷೆ, ತಂತಿ, ಸೀಸದ ಮುದ್ರೆ. ಅಲ್ಲಿಗೆ ಅವನ ಕೈಗೂ ಅಂಕೆಗೂ ಸಂಬಂಧ ಮುಗಿಯಿತು, ಮನೆಯವರಂತೂ ಮುಟ್ಟುವ ಹಾಗಿಲ್ಲ. "ಯಾವ ಮನೇಲಿ ಎಷ್ಟು ವರ್ಷ ಉರಿದಿತ್ತೇನ, ಒಂದು ನಿಮಿಷದಾಗೆ ಅಳಿಸಿಬಿಡ್ತಿ" ಅಂತ ಭಾವ ಒಮ್ಮೆ ಅಂದದ್ದು, ಹೊರಗೆ ಮಳೆ ಹೊಯ್ಯುತ್ತಿದ್ದದ್ದು, ಅವನ ಬೆರಳ ಸಂದಿಯಲ್ಲಿ ಹೋಗದೇ ಉಳಿದ ಗ್ರೀಸಿನ ಕಪ್ಪು, ಎಲ್ಲ ನೆನಪಿದೆ.

ಅಜ್ಜ ಹೋದ ಮೇಲೆ ಹಿಸ್ಸೆಯಾಯಿತು. ತೋಟ ಮೂರಾಯಿತು, ಅಡಿಕೆ ಹಂಡೆ ಒಬ್ಬರಿಗೆ, ದೇವರ ಪೆಟ್ಟಿಗೆ ಒಬ್ಬರಿಗೆ, ಜಗುಲಿಗೆ ನಡುವೆ ಗೋಡೆ ಎದ್ದಿತು. ಮೂರು ಒಲೆಗೆ ಮೂರು ಮೀಟರು ಬೇಕಾಯಿತು, ಮೂರು ಆರ್.ಆರ್. ನಂಬರು. ಹಳೆ ಮೀಟರನ್ನು ಇಳಿಸಿ, ಕೊನೆಯ ಅಂಕೆ ಬರೆದುಕೊಂಡು, ಕಚೇರಿಯವರು ಜೀಪಿನಲ್ಲಿ ಹಾಕಿಕೊಂಡು ಹೋದರು. ಗೋಡೆಯಲ್ಲಿ ಹಲಗೆಯಷ್ಟಗಲ ಸುಣ್ಣ ಕಾಣದ ಜಾಗ ಉಳಿಯಿತು. ಹೊಸ ಮೂರರಲ್ಲೂ ಪರೀಕ್ಷೆಗೆ ಓಡಿದ ಒಂದೆರಡು ಯೂನಿಟ್ಟು ಬಿಟ್ಟರೆ ಸೊನ್ನೆಗಳೇ. ಅಪ್ಪಯ್ಯ ಪಟ್ಟಿಯಲ್ಲಿ ಹೊಸ ಹಾಳೆ ತಿರುವಿದ. ನಾವು ಮಕ್ಕಳು ಆಗ ಹಾಸ್ಟೆಲುಗಳಲ್ಲಿದ್ದೆವು, ಬೇಸಿಗೆಗೆ ಬಂದಾಗ ಯಾವ ಮನೆಯ ಜಗುಲಿಗೆ ಮೊದಲು ಹೋಗಬೇಕು ಅಂತ ಮೆಟ್ಟಿಲ ಕೆಳಗೆ ನಿಂತು ಯೋಚಿಸಬೇಕಾಯಿತು.

ಕೆಇಬಿ ಹೋಗಿ ನಮ್ಮ ಜಿಲ್ಲೆಗೆ ಮೆಸ್ಕಾಂ ಬಂದದ್ದು 2002ರಲ್ಲಿ. ಚಕ್ರದ ಮೀಟರುಗಳೂ ಒಂದೊಂದೇ ಹೋಗಿ, ಕೆಂಪು ದೀಪ ಮಿಣುಕುವ ಎಲೆಕ್ಟ್ರಾನಿಕ್ ಮೀಟರುಗಳು ಬಂದವು. ತಿರುಗುವುದೇನೂ ಇಲ್ಲದ್ದರಿಂದ ಮಕ್ಕಳು ಅದರ ಮುಂದೆ ನಿಲ್ಲುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಊರಿನ ಬಹಳಷ್ಟು ಮನೆಗೆ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಅಚ್ಚಾಗಿ ಬರುತ್ತದೆ, ಒಂಟಿಯಾಗಿರುವ ಚಿಕ್ಕಮ್ಮನಿಗೆ ಅದರಿಂದ ಆದ ಅನುಕೂಲ ದೊಡ್ಡದು. ಆದರೂ ಅವಳು ಸಂಜೆ ಒಂದೇ ದೀಪ ಹಾಕುತ್ತಾಳೆ, ಒಳಗೆ ಹೋಗುವಾಗ ಅದನ್ನೂ ಆರಿಸುತ್ತಾಳೆ.

ಈ ಸಲ ದೊಡ್ಡಹಬ್ಬಕ್ಕೆ ಎಲ್ಲ ಸೇರಿದಾಗ ಹಳೆ ಮೀಟರು ಇಳಿಸಿದ ದಿನ ಎಷ್ಟಿತ್ತು ಅಂತ ಮಾತು ಬಂತು. ಸೊನ್ನೆಯಾದ ಮೇಲೆ ಮತ್ತೆ ಎರಡು ಸಾವಿರ ದಾಟಿತ್ತು ಅಂತ ದೊಡ್ಡಣ್ಣ ಹೇಳಿದ. ಇಲ್ಲ, ಮೂರರ ಹತ್ತಿರ ಅಂತ ಅಕ್ಕ ಹಟ ಹಿಡಿದಳು. ಅಪ್ಪಯ್ಯನ ಪಟ್ಟಿ ಹುಡುಕಲು ಅಟ್ಟ ಹತ್ತಿದರೆ ಅದನ್ನಿಟ್ಟ ಪೆಟ್ಟಿಗೆಯನ್ನು ಒರಲೆ ತಿಂದಿತ್ತು, ಮಣ್ಣು ಕೊಡವಿ ಬಿಡಿಸಿದರೆ ಆಚೀಚೆ ನಾಕಾರು ಹಾಳೆ ಸಿಕ್ಕವು. ಅವುಗಳಲ್ಲಿ ಕೊನೆಯ ಅಂಕೆ ಇರಲಿಲ್ಲ. ಅತ್ತೆಯ ಬಾಣಂತನದ ತಿಂಗಳು ಇತ್ತು; ಆಗ ಹುಟ್ಟಿದವಳು ಅಲ್ಲೇ ಪಕ್ಕದಲ್ಲಿ ಕೂತಿದ್ದಳು, ಹಾಳೆ ಅವಳ ಕೈಗೆ ಕೊಟ್ಟೆವು.