ಕೌದಿಗೊಂದು ಕೊಪ್ಪೆ

ಹ್ಯಾಮಕ್ ಅಂದ್ರೆ ಎರಡು ಮರದ ನಡುವೆ ಕಟ್ಟುವ ಜೋಲಿ, ಅಷ್ಟೇ. ನಮ್ಮೂರಲ್ಲಿ ಹಳೇ ಸೀರೆಯಲ್ಲಿ ಕೂಸುಗಳಿಗೆ ಕಟ್ತಾರಲ್ಲ, ಅದೇ. ಇಲ್ಲಿ ಅಮೆರಿಕದಲ್ಲಿ ದೊಡ್ಡವರೂ ಅದನ್ನು ಬೆನ್ನಿಗೆ ಹಾಕಿಕೊಂಡು ಕಾಡಿಗೆ ಹೋಗ್ತಾರೆ. ಜಾರ್ಜಿಯಾದಿಂದ ಮೇನ್ ತನಕ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯಿದೆ. ಅಲ್ಲಿ ಮರಗಳಿಗೇನೂ ಬರವಿಲ್ಲ, ಟೆಂಟ್ ಹಾಕೋಕೆ ಸಮತಟ್ಟಾದ ಒಣ ನೆಲಕ್ಕೆ ಬರ. ಹಾಗಾಗಿ ಜೋಲಿಯೇ ಸುಖ ಅನ್ನೋ ಪಂಗಡವೊಂದು ಹುಟ್ಟಿಕೊಂಡಿದೆ. ಷಾರ್ಲೆಟ್‌ನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ನಾನೂ ನಾಲ್ಕು ವರ್ಷದಿಂದ ಆ ಪಂಗಡದವನೇ.

ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದರೆ, "ಅಲ್ಲ ಮಾರಾಯ, ಮರಕ್ಕೆ ಜೋತು ಬೀಳೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?" ಅಂದರು. ಆಮೇಲೆ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ: "ಅಡಿಯಿಂದ ಚಳಿ ಹೊಡೆಯಲ್ವಾ?" ಹಂದಿ ಕಾಯೋಕೆ ಗದ್ದೆಯ ಮಾಳದ ಮೇಲೆ ಎಷ್ಟೋ ರಾತ್ರಿ ಕಳೆದವರು ಅವರು. ಮೇಲೆ ಎರಡು ಕಂಬಳಿ ಹೊದ್ದರೂ ಅಡಿಗೆ ಹುಲ್ಲು ಹಾಸದಿದ್ದರೆ ನಿದ್ದೆಯಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹೊಡೆಯುತ್ತೆ. ಸರಿಯಾಗೇ ಹೊಡೆಯುತ್ತೆ. ಜೋಲಿಯೊಳಗೆ ಸ್ಲೀಪಿಂಗ್ ಬ್ಯಾಗ್ ಹಾಕಿಕೊಂಡರೆ ನಮ್ಮ ಭಾರಕ್ಕೆ ಅದರ ತುಪ್ಪಳವೆಲ್ಲ ಚಪ್ಪಟೆ. ಬೆಚ್ಚಗಿಡೋದು ತುಪ್ಪಳವಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಗಾಳಿ ಹೋದರೆ ಬಿಸಿಯೂ ಹೋಯ್ತು. ಅದಕ್ಕೇ ಇವರು ಕೌದಿಯನ್ನು ಜೋಲಿಯ ಹೊರಗೆ, ಕೆಳಗಡೆ, ಮೈಗೆ ಒತ್ತದ ಹಾಗೆ ತೂಗುಹಾಕ್ತಾರೆ. ಅಂಡರ್‌ಕ್ವಿಲ್ಟ್ ಅನ್ನೋದು ಇದಕ್ಕೇ. ನಾನು ಕೆಳಗೌದಿ ಅಂತೀನಿ.

ಈಗ ಆ ಕೌದಿಯ ಅಡಿಗೆ ಇನ್ನೊಂದು ತೆಳು ಬಟ್ಟೆಯ ಹೊದಿಕೆ ಬೇಕೋ ಬೇಡವೋ? 100ರಿಂದ 200 ಗ್ರಾಂ ತೂಕ ಅಷ್ಟೇ. ಇದರ ಮೇಲೆ ನಡೆಯುವ ಜಗಳ ನೋಡಿದರೆ ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನೋ ಜಗಳ ಏನೂ ಅಲ್ಲ. ನಾನು ಇಷ್ಟು ದಿನ ತಲೆ ಹಾಕಿರಲಿಲ್ಲ. ಆದರೆ ಈ ನವೆಂಬರ್ ರಜೆಗೆ ಒಂಬತ್ತು ವರ್ಷದ ಮಗಳು ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾಳೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣಿಯುತ್ತೆ. ನನಗಾದರೆ ಒಂದು ರಾತ್ರಿ ನಿದ್ದೆಗೆಡೋದು ತಮಾಷೆ, ಅವಳ ವಿಷಯದಲ್ಲಿ ತಮಾಷೆಯಲ್ಲ.

ಹೊದಿಕೆ ಬೇಕು ಅನ್ನೋರು ಮೊದಲು ಹೇಳೋದು ಮಳೆ. ನನಗೆ ಅದು ಒಪ್ಪಿಗೆಯಿಲ್ಲ. ಮಳೆಗೆ ಮೇಲೆ ಟಾರ್ಪಾಲು ಇದೆಯಲ್ಲ? ಗಾಳಿ ಬರುವ ಕಡೆ ಅದರ ಅಂಚನ್ನು ನೆಲದ ಹತ್ತಿರಕ್ಕೆ ಇಳಿಸಿ ಕಟ್ಟಬೇಕು, ಅಷ್ಟೆ. ಮರದಿಂದ ಜೋಲಿಯ ಹಗ್ಗದ ಗುಂಟ ನೀರು ಹರಿದು ಬರದ ಹಾಗೆ ಟಾರ್ಪಾಲಿನ ಒಳಗಡೆ, ಆ ಹಗ್ಗಕ್ಕೇ ಒಂದು ದಾರ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತೆ. ಇಷ್ಟು ಮಾಡದವನಿಗೆ ಯಾವ ಹೊದಿಕೆಯೂ ಸಾಲದು.

ಅಸಲಿ ಶತ್ರು ಗಾಳಿ. ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಆಫೀಸಿನ ಗೆಳೆಯನೊಬ್ಬನ ಜೊತೆ ಸ್ಮೋಕಿ ಪರ್ವತದ ಕಡೆ ಹೋಗಿದ್ದೆ. ಮಂಜು, ಮಳೆ, ಜಿಗಣೆಯೊಂದಿಲ್ಲ ಅನ್ನೋದು ಬಿಟ್ಟರೆ ಥೇಟ್ ಆಗುಂಬೆ. ರಾತ್ರಿ ಎರಡು ಗಂಟೆಗೆ ಗಾಳಿ ಎದ್ದಿತು. ಕೆಳಗಿನಿಂದ ಯಾರೋ ನನ್ನ ಬೆನ್ನಿನ ಬಿಸಿಯನ್ನು ಮೊಗೆಮೊಗೆದು ಚೆಲ್ಲಿದ ಹಾಗೆ. ನಡು ಸೆಟೆದುಕೊಂಡು ಬೆಳಗಿನವರೆಗೆ ಕೂತೇ ಇದ್ದೆ. ಗೆಳೆಯ ಮಾತ್ರ ಕೆಳಗೌದಿಗೆ ಪ್ಲಾಸ್ಟಿಕ್ಕಿನಂಥ ಶೀಟು ಸುತ್ತಿ ಗೊರಕೆ ಹೊಡೀತಿದ್ದ. ಆದರೆ ಬೆಳಿಗ್ಗೆ ಶೀಟು ಬಿಚ್ಚಿದರೆ ಒಳಗಡೆಯೆಲ್ಲ ಹನಿ! ಒಂದು ಹನಿ ಮಳೆ ಒಳಗೆ ಬಂದಿರಲಿಲ್ಲ, ಅಷ್ಟೂ ಅವನ ಮೈಯಿಂದ ಹೊರಟ ಆವಿಯೇ. ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದರೆ ಒಳಗೆ ಹನಿ ಕಟ್ಟುತ್ತಲ್ಲ, ಹಾಗೆ. ತುಪ್ಪಳ ಒದ್ದೆಯಾದರೆ ಮುದ್ದೆಯಾಗುತ್ತೆ, ಆ ಕಾಡಿನಲ್ಲಿ ಒಣಗೋದೂ ಇಲ್ಲ. ಎರಡನೇ ರಾತ್ರಿ ನಡುಗುವ ಸರದಿ ಅವನದ್ದು.

ನಾಟಿ ಮಾಡುವ ಹೆಂಗಸರು ಇದನ್ನು ಎಂದೋ ಬಲ್ಲರು. ಬಿದಿರ ಹಂದರಕ್ಕೆ ಎಲೆ ಹೊದೆಸಿದ ಗೊರಬು ಬೆನ್ನ ಮೇಲೆ ನಿಲ್ಲುತ್ತಿತ್ತು, ಮೈಗೆ ಅಂಟುತ್ತಿರಲಿಲ್ಲ, ಬದಿಯೆಲ್ಲ ಬಯಲು. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಹಗುರ, ಅಗ್ಗ. ಅಮ್ಮ ಮಾತ್ರ ಗದ್ದೆಯಿಂದ ಬಂದವಳೇ, "ಮಳೇಲಿ ನೆನೆದಿದ್ರೇ ಚೆನ್ನಾಗಿತ್ತು, ಬೆವರಲ್ಲೇ ತೊಯ್ದು ಹೋದೆ" ಅಂತ ಗೊಣಗೋಳು.

ಕೊನೆಗೆ ಮಗಳ ಜೋಲಿಗೆ ಒಂದು ಹೊದಿಕೆ ತರಿಸಿದ್ದೀನಿ. ಪ್ಲಾಸ್ಟಿಕ್ಕಿನದಲ್ಲ, ಆವಿ ಹೊರಬಿಡುವ ತೆಳು ನೈಲಾನಿನದು. ಅದನ್ನು ಕೌದಿಗೆ ಒತ್ತದ ಹಾಗೆ, ಎರಡೂ ತುದಿ ಸ್ವಲ್ಪ ತೆರೆದು, ಸಡಿಲವಾಗಿ ಕಟ್ಟಬೇಕು. ಗಾಳಿಯಿಲ್ಲದ, ಹಿಮ ಬೀಳುವಂಥ ರಾತ್ರಿಯಾದರೆ ಬಿಚ್ಚಿ ಚೀಲಕ್ಕೆ ತುರುಕೋದು. ಮೊನ್ನೆ ಹಿತ್ತಲಲ್ಲಿ ಎರಡು ಓಕ್ ಮರಕ್ಕೆ ಎಲ್ಲ ಕಟ್ಟಿ ಅವಳನ್ನು ಮಲಗಿಸಿ, ಅರ್ಧರಾತ್ರಿ ಎರಡು ಸಲ ಎದ್ದು ಹೋಗಿ ಬೆನ್ನಡಿಗೆ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು. ಹೆಂಡತಿ ಕಿಟಕಿಯಿಂದಲೇ ಕೇಳಿದಳು, "ನಿಮ್ದಕ್ಕೆ ಇನ್ನೊಂದು ತರಿಸಲ್ವಾ?" ಎಂಬತ್ತು ಡಾಲರ್ ಕಣೇ ಅಂದೆ.