ಅತಿವೇಗದವನಿಗೆ ಕೇಳಿಸದ ಮಾತು

ಈ ಬೇಸಿಗೆ ರಜೆಯಲ್ಲಿ ನಾವು ಐದು ಮಂದಿ ಮೊಮ್ಮಕ್ಕಳು ಮಂಜೇಶ್ವರದ ಹತ್ತಿರ ಇರುವ ಅಜ್ಜನ ಮನೆಯಲ್ಲಿ ಒಟ್ಟಿಗೆ ಇದ್ದೆವು. ಅಲ್ಲಿ ಆದ ಒಂದು ಸಂಗತಿಯನ್ನು ಮೊನ್ನೆ ಯುವಕೂಟದಲ್ಲಿ ಹೇಳಿದಾಗ, "ಇದನ್ನು ಬರೆದು ಕೊಡಿ" ಅಂದರು. ಹಾಗಾಗಿ ಐವರೂ ಸೇರಿ ಬರೆಯುತ್ತಿದ್ದೇವೆ.

ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿ ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡುವುದು ನಮ್ಮ ರಜೆಯ ಕ್ರಮ. ಆ ದಿನ 2014ರ ಎಕ್ಸ್-ಮೆನ್ ಸಿನಿಮಾ. ಅದರಲ್ಲಿ ಕ್ವಿಕ್‌ಸಿಲ್ವರ್ ಎಂಬ ಹುಡುಗ ಇದ್ದಾನೆ. ಓಟದಲ್ಲಿ ಅವನನ್ನು ಹಿಡಿಯುವವರಿಲ್ಲ. ಅಡುಗೆಮನೆಯ ದೃಶ್ಯ ನೋಡಿದವರು ಮರೆಯುವುದಿಲ್ಲ. ಕಾವಲುಗಾರರು ಗುಂಡು ಹಾರಿಸುತ್ತಾರೆ. ಈ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಮೇಲೆಲ್ಲ ಓಡಾಡುತ್ತಾನೆ. ಗಾಳಿಯಲ್ಲಿ ತೇಲುವ ಸಾರಿಗೆ ಬೆರಳಿಟ್ಟು ರುಚಿ ನೋಡುತ್ತಾನೆ, ಬರುವ ಗುಂಡುಗಳನ್ನು ಬೆರಳಿನಿಂದ ಸರಿಸುತ್ತಾನೆ. ಉಳಿದವರೆಲ್ಲ ಗೊಂಬೆಗಳ ಹಾಗೆ ನಿಂತಿರುತ್ತಾರೆ.

ನಾವೆಲ್ಲ ಚಪ್ಪಾಳೆ ಹೊಡೆದೆವು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ನಾಲ್ಕನೇ ಕ್ಲಾಸಿನವಳು, ಮಾತ್ರ ಕೇಳಿದಳು: "ಅವನಿಗೆ ಬೋರ್ ಆಗುದಿಲ್ವಾ?"

ಆಗ ನಗು ಬಂತು. ಆದರೆ ಬೆಳಿಗ್ಗೆ ಎದ್ದಾಗಲೂ ಆ ಪ್ರಶ್ನೆ ಅಲ್ಲೇ ಇತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತೆವು. ಅವನು ನಮಗಿಂತ 1000 ಪಟ್ಟು ವೇಗ ಎಂದು ಇಟ್ಟುಕೊಂಡೆವು. ಓಡುವುದು ಮಾತ್ರ ವೇಗವಾದರೆ ಸಾಲದು, ನೋಡುವುದು, ಯೋಚಿಸುವುದು ಕೂಡ ಅಷ್ಟೇ ವೇಗ ಇರಬೇಕು. ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಗೋಡೆಗೆ ಬಡಿದುಕೊಳ್ಳುತ್ತಾನೆ. ಅಂದರೆ ನಮ್ಮ 1 ಸೆಕೆಂಡ್ ಅವನಿಗೆ 1000 ಸೆಕೆಂಡ್, ಸುಮಾರು 17 ನಿಮಿಷ. ಮಾಡಿನ ಅಂಚಿನಿಂದ, ಮೂರು ಮೀಟರ್ ಎತ್ತರದಿಂದ ಬಿದ್ದ ಮಳೆಹನಿ ಅಂಗಳ ಮುಟ್ಟಲು 13 ನಿಮಿಷ. ನಾವು 8 ಗಂಟೆ ಮಲಗಿ ಏಳುವಷ್ಟರಲ್ಲಿ ಅವನಿಗೆ 333 ದಿನ ಕಳೆದಿರುತ್ತದೆ.

ಅವನಿಗೆ ತಾನು ವೇಗ ಅಂತ ಅನ್ನಿಸುವುದೇ ಇಲ್ಲ. ಲೋಕವೇ ನಿಂತುಹೋದ ಹಾಗೆ ಅನ್ನಿಸುತ್ತದೆ. ಕಾಮಿಕ್ಸ್ ಬರೆದವರಿಗೂ ಇದು ಹೊಳೆದಿತ್ತು. ಕ್ವಿಕ್‌ಸಿಲ್ವರ್ 1964ರಲ್ಲಿ ಬಂದ ಪಾತ್ರ, ಮೊದಲಿನಿಂದಲೂ ಮುಂಗೋಪಿ. 1993ರ ಒಂದು ಕಥೆಯಲ್ಲಿ ಅವನು ಮನೋವೈದ್ಯರ ಎದುರು ಕೂತು ಕಾರಣ ಹೇಳುತ್ತಾನೆ. ಎಟಿಎಂ ಸಾಲಿನಲ್ಲಿ ನಮ್ಮ ಮುಂದಿನವರಿಗೆ ಮೆಷಿನ್ ಬಳಸಲು ಗೊತ್ತಿಲ್ಲದಿದ್ದರೆ ಹೇಗೆ ಸಿಟ್ಟು ಬರುತ್ತದೋ, ಅವನಿಗೆ ದಿನವಿಡೀ ಎಲ್ಲರ ಮೇಲೂ ಹಾಗೆ.

ಇಂಥದ್ದು ನಿಜವಾಗಿ ಇದೆಯಾ? ಸ್ವಲ್ಪ ಮಟ್ಟಿಗೆ ಇದೆ. ಮಿನುಗುವ ದೀಪ ಸೆಕೆಂಡಿಗೆ ಸುಮಾರು 60 ಸಲ ಮಿನುಗಿದರೆ ನಮ್ಮ ಕಣ್ಣಿಗೆ ಅದು ನಿಂತ ಬೆಳಕು. ನೊಣಕ್ಕೆ 250ರವರೆಗೂ ಬಿಡಿಬಿಡಿಯಾಗಿ ಕಾಣುತ್ತದೆ. ಪೇಪರ್ ಸುರುಳಿ ಮಾಡಿ ಹೊಡೆದರೂ ನೊಣ ತಪ್ಪಿಸಿಕೊಳ್ಳುವುದು ಅದಕ್ಕೇ. ಮನುಷ್ಯರ ಮೇಲೂ ಒಂದು ಪ್ರಯೋಗ ನಡೆದಿದೆ. ಅಮೆರಿಕದ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ ಪರೀಕ್ಷಿಸಿದರು, 2007ರಲ್ಲಿ ಪ್ರಕಟಿಸಿದರು. ಬಿದ್ದವರಿಗೆ ತಮ್ಮ ಬೀಳುವಿಕೆ ಸರಾಸರಿ ಸುಮಾರು ಮೂರನೇ ಒಂದರಷ್ಟು ಹೆಚ್ಚು ಹೊತ್ತು ನಡೆದಂತೆ ಅನ್ನಿಸಿತು. ಆದರೆ ಕೈಗೆ ಕಟ್ಟಿದ್ದ ಯಂತ್ರದಲ್ಲಿ ವೇಗವಾಗಿ ಬದಲಾಗುವ ಅಂಕಿಯನ್ನು ನೆಲದ ಮೇಲೆ ಇದ್ದಾಗಿನದಕ್ಕಿಂತ ಚೆನ್ನಾಗಿ ಓದಲು ಅವರಿಗೆ ಆಗಲಿಲ್ಲ. ನೋಟ ಚುರುಕಾಗಿರಲಿಲ್ಲ, ನೆನಪು ಮಾತ್ರ ಉದ್ದವಾಗಿತ್ತು.

ಕೊನೆಗೆ ಹೆಡ್‌ಫೋನಿನ ಹಾಡಿನ ವಿಷಯಕ್ಕೆ ಬಂದೆವು. ಅಲ್ಲೇ ನಮ್ಮ ಲೆಕ್ಕ ನಿಂತಿತು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅವನ ಲೆಕ್ಕದಲ್ಲಿ ಅದು ಸೆಕೆಂಡಿಗೆ 34 ಸೆಂಟಿಮೀಟರ್, ತೆವಳಿದ ಹಾಗೆ. ಗಂಡಸರ ಸ್ವರ ಸೆಕೆಂಡಿಗೆ 100ರ ಆಸುಪಾಸು ಸಲ ಕಂಪಿಸುತ್ತದೆ. ಅವನಿಗೆ ಅದು ಹತ್ತು ಸೆಕೆಂಡಿಗೆ ಒಂದು ಸಲ. ಕಿವಿಗೆ ಕೇಳಬೇಕಾದರೆ ಸೆಕೆಂಡಿಗೆ ಕನಿಷ್ಠ 20 ಬೇಕು. ಅಂದರೆ ಆ ವೇಗದಲ್ಲಿ ಇರುವಾಗ ಅವನಿಗೆ ಹಾಡೂ ಕೇಳುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ. ಮಾತು ಕೇಳಬೇಕಾದರೆ ಅವನು ನಿಧಾನ ಆಗಲೇಬೇಕು. ಬೇರೆ ದಾರಿಯೇ ಇಲ್ಲ.

ಇದನ್ನು ದೊಡ್ಡಣ್ಣ ಗಟ್ಟಿಯಾಗಿ ಓದಿದ. ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಮೆಲ್ಲನೆ ಅಂದಳು: "ಪಂಪ್."

ಅಜ್ಜನಿಗೆ ಕಳೆದ ವರ್ಷ ಸ್ಟ್ರೋಕ್ ಆಗಿತ್ತು. ಬುದ್ಧಿ ಸರಿಯಾಗಿಯೇ ಇದೆ. ಆದರೆ ಹೇಳಬೇಕಾದ ಶಬ್ದ ನಾಲಿಗೆಗೆ ಬರಲು ಹೊತ್ತು ಬೇಕು. "ಅವರ ಮಾತನ್ನು ನೀವು ಮುಗಿಸಬೇಡಿ, ಕಾಯಿರಿ" ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದ್ದರು. ನಾವು ತಲೆ ಆಡಿಸಿದ್ದೆವು. ಕಾದವರು ಯಾರೂ ಇಲ್ಲ. ಅಜ್ಜ "ಕ…" ಅಂದರೆ ಕನ್ನಡಕ, "ಚ…" ಅಂದರೆ ಚಾ. ಯಾರು ಮೊದಲು ಹೇಳುತ್ತಾರೆ ಎಂದು ನಮ್ಮೊಳಗೆ ಪಂದ್ಯವೇ ಇತ್ತು. ಸಹಾಯ ಮಾಡುತ್ತಿದ್ದೇವೆ ಅಂತಲೇ ನಮ್ಮ ನಂಬಿಕೆ.

ಸಿನಿಮಾಕ್ಕೆ ಒಂದು ವಾರ ಮೊದಲು, ಮಧ್ಯಾಹ್ನ, ಅಜ್ಜ ಮಂಚದಿಂದ "ನೀರು… ನೀರು…" ಅಂದರು. ಒಬ್ಬ ಓಡಿ ಲೋಟದಲ್ಲಿ ನೀರು ತಂದ. ಅಜ್ಜ ತಲೆ ಅಲ್ಲಾಡಿಸಿದರು. ಬಿಸಿನೀರು ಇರಬೇಕು ಎಂದು ಇನ್ನೊಬ್ಬಳು ಅದನ್ನು ತಂದಳು. ಮೂರನೇ ಲೋಟವನ್ನು ಅಜ್ಜ ಕೈಯಿಂದ ತಳ್ಳಿದರು, ನೀರೆಲ್ಲ ಹಾಸಿಗೆಗೆ ಚೆಲ್ಲಿತು. "ಎಂತ ಅಜ್ಜ ನೀವು!" ಎಂದು ಗದರಿದೆವು. ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದರು.

ಅರ್ಧ ಗಂಟೆ ಬಿಟ್ಟು ತೋಟದ ಕಡೆಯಿಂದ ಸುಟ್ಟ ವಾಸನೆ ಬಂತು. ಬಾವಿಯ ನೀರು ತಳ ಮುಟ್ಟಿ ಪಂಪ್ ಒಣಗಿ ಓಡುತ್ತಿತ್ತು, ಮೋಟರಿನ ಕಾಯಿಲ್ ಸುಟ್ಟುಹೋಗಿತ್ತು. ನಲವತ್ತು ವರ್ಷ ಆ ಪಂಪಿನ ಜೊತೆ ಇದ್ದ ಅಜ್ಜನಿಗೆ ಮಲಗಿದಲ್ಲಿಂದಲೇ ಸದ್ದು ಬದಲಾದದ್ದು ಗೊತ್ತಾಗಿತ್ತು. "ನೀರು ಮುಗಿದಿದೆ, ಪಂಪ್ ಆಫ್ ಮಾಡಿ" ಎಂದು ಹೇಳಹೊರಟಿದ್ದರು. ಮೊದಲ ಶಬ್ದ ಕೇಳಿದ ಕೂಡಲೇ ನಾವು ಓಡಿದ್ದೆವು. ಮೋಟರ್ ರಿಪೇರಿಯಾಗಿ ಬರುವವರೆಗೆ, ಆ ಸುಡುಬಿಸಿಲಿನಲ್ಲಿ, ಅಡಿಕೆ ತೋಟಕ್ಕೆ ಐದು ದಿನ ನೀರಿರಲಿಲ್ಲ. ಅಜ್ಜನ ಬಾಯಿಂದ ಆಮೇಲೆ ಮಾತೇ ಹೊರಡುತ್ತಿರಲಿಲ್ಲ. ಕಾಯಿಲೆ ಜಾಸ್ತಿಯಾಗಿದೆ ಎಂದುಕೊಂಡಿದ್ದೆವು.

ಕ್ಯಾಲೆಂಡರಿನ ಲೆಕ್ಕ ನೋಡುತ್ತಾ ನಮಗೆ ಅರ್ಥವಾಯಿತು. ಈ ಮನೆಯಲ್ಲಿ ಕ್ವಿಕ್‌ಸಿಲ್ವರ್‌ಗಳು ಐದು ಮಂದಿ ಇದ್ದರು.

ಅದೇ ದಿನ ಒಂದು ನಿಯಮ ಮಾಡಿದೆವು. ಅಜ್ಜ ಬಾಯಿ ತೆರೆದರೆ ಮನಸ್ಸಿನಲ್ಲೇ 30ರವರೆಗೆ ಎಣಿಸುವುದು, ಅಲ್ಲಿಯವರೆಗೆ ತುಟಿ ಬಿಚ್ಚಬಾರದು. ಹೇಳುವಷ್ಟು ಸುಲಭ ಅಲ್ಲ. ಎಂಟು, ಒಂಬತ್ತು ಎಣಿಸುವಷ್ಟರಲ್ಲಿ ಮೈಯೆಲ್ಲ ತುರಿಸಿದ ಹಾಗಾಗುತ್ತದೆ. ಮೊದಲ ಎರಡು ದಿನ ಅಜ್ಜ ನಮ್ಮನ್ನು ನಂಬಲಿಲ್ಲ. ಮೂರನೇ ದಿನ ಚಿಕ್ಕವಳು ಅವರ ಕಾಲ ಬಳಿ ಕೂತು ಸಿನಿಮಾದ ಕಥೆಯನ್ನೆಲ್ಲ ಹೇಳಿದಳು. ಸೆಕೆಂಡಿಗೆ 17 ನಿಮಿಷ ಎಂಬ ಲೆಕ್ಕವನ್ನೂ ಹೇಳಿದಳು. ಅಜ್ಜ ಮಾಡು ನೋಡುತ್ತಾ ಕೂತರು. ನಾವು ಎಣಿಸಿದೆವು. 30 ದಾಟಿತು, 40 ದಾಟಿತು.

"ಪಾಪ…" ಅಂದರು. ಮತ್ತೆ ತಡೆದು, "ಅವನ… ಒಟ್ಟಿಗೆ… ಊಟಕ್ಕೆ ಕೂರುವವರು… ಯಾರು?"

ನಮ್ಮ 20 ನಿಮಿಷದ ಊಟ ಅವನಿಗೆ ಸುಮಾರು 14 ದಿನ. ಇಷ್ಟೆಲ್ಲ ಲೆಕ್ಕ ಹಾಕಿದ ನಮಗೆ ಅದು ಹೊಳೆದಿರಲಿಲ್ಲ.

ಆ ದಿನದಿಂದ ಅಜ್ಜನ ತಟ್ಟೆ ಖಾಲಿಯಾಗುವವರೆಗೆ ನಮ್ಮಲ್ಲಿ ಯಾರೂ ಕೈ ತೊಳೆಯಲು ಏಳುವುದಿಲ್ಲ. ಕೆಲವು ಸಲ 45 ನಿಮಿಷ ಆಗುತ್ತದೆ. ನಿಮ್ಮ ಮನೆಯಲ್ಲೂ ನಿಧಾನವಾಗಿ ಮಾತಾಡುವ ಒಬ್ಬರು ಇರಬಹುದು. ಇವತ್ತು ಅವರು ಬಾಯಿ ತೆರೆದಾಗ ಒಮ್ಮೆ 30ರವರೆಗೆ ಎಣಿಸಿ ನೋಡಿ.